ಮೀನು ತಂದರೆ ಸಾಕೆ?

ಭಾನುವಾರ ಕೆರೆಮೀನು ತಂದು ಅಮ್ಮಿಯ ಕೈಗಿಟ್ಟರೆ ಹುಡುಗರಾದ ನಮ್ಮ ಕೆಲಸ ಮುಗಿಯಿತು, ಬ್ಯಾಟ್ ಹಿಡಿದು ಹೊರಟೆವು. ಕಾಟ್ಲಾದ ಹುರುಪೆ ತೆಗೆದು, ಈಳಿಗೆಮಣೆಯಲ್ಲಿ ಹೆಚ್ಚಿ, ಲೋಳೆ ಹೋಗುವ ತನಕ ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ನಾಲ್ಕು ನೀರಿನಲ್ಲಿ ತೊಳೆಯುವವರು ಯಾರು? ಸಾರು ಮಾಡುವುದು ಅದಕ್ಕಿಂತ ಸುಲಭ. ಶೇಂಗಾ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಖಾರದಪುಡಿ, ಧನಿಯಾಪುಡಿ, ಹುಣಸೆರಸ ಹಾಕಿ ಕುದಿಸಬೇಕು. (ತೆಂಗಿನಹಾಲು ಕರಾವಳಿಯವರಿಗಿರಲಿ, ನಮ್ಮ ಬಯಲುಸೀಮೆಗೆ ಹುಣಸೆಯೇ ಸರಿ.) ತುಂಡು ಬಿಟ್ಟ ಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು.

ಪ್ರವಾದಿಯವರು (ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಜ್ರತ್ ಆಯಿಶಾ (ರ) ಹೇಳಿದ ಹದೀಸ್ ಬುಖಾರಿಯಲ್ಲಿದೆ. ಅದನ್ನು ಕೇಳಿ ತಲೆದೂಗುವ ನಾವು ಈಳಿಗೆಮಣೆಯ ಮುಂದೆ ಕೂರಲು ನಾಚುತ್ತೇವೆ. ಬಿ.ಜಿ. ಕೆರೆಯ ಹುಡುಗರೇ, ಬರುವ ಭಾನುವಾರ ಉಜ್ಜುವ ಕೆಲಸ ನಮ್ಮದಾಗಲಿ. ಹಾಂ, ಹುರುಪೆ ಅಂಗಳದ ತುಂಬ ಹಾರುತ್ತದೆ, ಗುಡಿಸುವುದೂ ನಾವೇ.