ಬೀಗ ಹಾಕಿದ ಮನೆಯ ಮುಂದೆ

ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ದಾಟುವುದು ಇಲ್ಲಿ ವರ್ಷವರ್ಷದ ಮಾತು. ಮಧ್ಯಾಹ್ನದ ಹೊತ್ತು ಹೊಸ್ತಿಲು ದಾಟಲು ನಾವು ಹಿಂಜರಿಯುತ್ತೇವೆ. ಹೊಸ್ತಿಲೇ ಇಲ್ಲದ ಜೀವಿಗಳ ಪಾಡೇನು ಎಂಬುದನ್ನು ಮಾತ್ರ ಬಹುಕಾಲ ಯೋಚಿಸಿರಲಿಲ್ಲ. 2024ರ ಮೇ ತಿಂಗಳ ಒಂದು ಮಧ್ಯಾಹ್ನವು ಯೋಚಿಸುವಂತೆ ಮಾಡಿತು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ಕುಟುಂಬವೊಂದು ಬೇರೆ ಊರಿಗೆ ಹೋಯಿತು. ಮಂಚ, ಪಾತ್ರೆ ಪಡಗ, ಹೂವಿನ ಕುಂಡಗಳೂ ಲಾರಿ ಏರಿದವು. ಏರದೆ ಉಳಿದುದು ಅವರು ಸಾಕಿದ ನಾಯಿ ಮಾತ್ರ. ಕೊರಳ ಪಟ್ಟಿಯೊಡನೆಯೇ ಅದು ಬೀಗ ಹಾಕಿದ ಬಾಗಿಲ ಮುಂದೆ ಕುಳಿತಿತು. ‘ಯಾರಾದರೂ ಬಂದು ಒಯ್ದಾರು’ ಎಂದು ನಾವು ಮೊದಲ ದಿನ ಅಂದುಕೊಂಡೆವು. ಎರಡನೆಯ ದಿನವೂ ಅಂದುಕೊಂಡೆವು. ಓಣಿಯ ಎಲ್ಲ ಮನೆಯವರೂ ಹಾಗೆಯೇ ಅಂದುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಆ ‘ಯಾರಾದರೂ’ ಬರಲೇ ಇಲ್ಲ.

ಮೂರನೆಯ ದಿನ ಎದುರುಮನೆಯ ಅಜ್ಜಿ ನಮ್ಮ ಬಾಗಿಲು ಬಡಿದರು. “ಯಪ್ಪಾ, ಆ ನಾಯಿ ಮ್ಯಾಲ ಏಳವಲ್ದು. ಬಾಯಾಗ ಜೊಲ್ಲು ಸುರಿಲಿಕ್ಕತ್ತದ. ಒಂದೀಟ ಬಂದು ನೋಡಪಾ” ಎಂದರು. ಹೋಗಿ ನೋಡಿದರೆ ಕಟ್ಟೆಯ ಶಹಾಬಾದ್ ಫರಸಿ ಕಾದ ಹೆಂಚಿನಂತಿತ್ತು. ನಾಯಿಯು ನಾಲಗೆ ಚಾಚಿ ಬಿಡುವಿಲ್ಲದೆ ತೇಕುತ್ತಿತ್ತು, ಒಸಡು ಕಡುಗೆಂಪಾಗಿತ್ತು. ಗಾಬರಿಯಲ್ಲಿ ನಾವು ಫ್ರಿಜ್ಜಿನ ನೀರನ್ನು ಅದರ ಬಾಯಿಗೆ ಸುರಿಯಹೊರಟೆವು. ಅಷ್ಟರಲ್ಲಿ ಫೋನಿಗೆ ಸಿಕ್ಕ ಪಶುವೈದ್ಯರು ತಡೆದರು. “ಬಾಯಿಗೆ ಸುರಿಯಬ್ಯಾಡ್ರಿ, ನೀರು ಶ್ವಾಸಕೋಶಕ್ಕೆ ಹೋದೀತು. ಮೊದಲು ನೆರಳಿಗೆ ತರ್ರಿ. ಮೈಗೆ ನೀರು ಹಾಕಿ ಗಾಳಿ ಬೀಸ್ರಿ. ಕೂಡಲೇ ಇಲ್ಲಿಗೆ ಕರಕೊಂಡು ಬರ್ರಿ” ಎಂದರು.

ಮಾಳಿಗೆಯ ಟಾಕಿಯ ನೀರು ಆ ಹೊತ್ತಿನಲ್ಲಿ ಕೈಯಿಡಲಾರದಷ್ಟು ಬಿಸಿ. ಅಜ್ಜಿ ಒಳಗಿನ ಕೊಡದ ನೀರು ತಂದರು. ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಹಾಕಿ ರಟ್ಟಿನಿಂದ ಗಾಳಿ ಬೀಸಿದೆವು. ಗೋಣಿಚೀಲದ ಮೇಲೆ ಮಲಗಿಸಿ, ಆಟೋದಲ್ಲಿ ಚಿಕಿತ್ಸಾಲಯಕ್ಕೆ ಒಯ್ದೆವು. ಅಲ್ಲಿ ಸಲೈನ್ ಏರಿಸಿದ ಮೇಲೆ ಸಂಜೆಗೆ ಅದು ತಲೆಯೆತ್ತಿತು.

ವೈದ್ಯರು ಹೇಳಿದುದನ್ನು ಓದುಗರೂ ತಿಳಿದಿರುವುದು ಒಳಿತು. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬಾರದು. ಪಾದದಡಿಯಲ್ಲಿ ಅಲ್ಪವಾಗಿ ಬರುತ್ತದೆ. ತೇಕುವಾಗ ಬಾಯಿಯ ತೇವವು ಆರಿ ಶಾಖ ಕಳೆಯುತ್ತದೆ. ಕುಡಿಯಲು ನೀರಿಲ್ಲದಿದ್ದರೆ ಆ ದಾರಿಯೂ ಮುಚ್ಚುತ್ತದೆ. ಆರೋಗ್ಯವಂತ ನಾಯಿಯ ಮೈಶಾಖ 38ರಿಂದ 39 ಡಿಗ್ರಿಯಷ್ಟು. 41 ದಾಟಿದರೆ ಪ್ರಾಣಕ್ಕೆ ಅಪಾಯ. ಹಸಿ ಬಟ್ಟೆಯನ್ನು ಹೊದಿಸಿಯೇ ಬಿಡಬಾರದು. ಅದು ಬೇಗ ಬಿಸಿಯಾಗಿ ಶಾಖವನ್ನು ಒಳಗೇ ತಡೆಯುತ್ತದೆ. ಎಚ್ಚರವಿದ್ದರೆ ಅಗಲ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ನೀರಿಟ್ಟು ತಾನಾಗಿ ನೆಕ್ಕಲು ಬಿಡಬೇಕು.

“ಕಚ್ಚಿದ್ರ ಏನ್ ಮಾಡ್ತಿದ್ರಿ?” ಎಂದು ನೆರೆಯವರು ಕೇಳಿದರು. ಈ ಪ್ರಶ್ನೆ ತಪ್ಪಲ್ಲ. ಹೆದರಿದ ನಾಯಿಯ ಮುಖಕ್ಕೆ ಕೈಯೊಡ್ಡಬಾರದು, ಮಕ್ಕಳನ್ನು ದೂರವಿಡಬೇಕು. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ಎಚ್ಚರಿಕೆಯೂ ಕರುಣೆಯೂ ಒಟ್ಟಿಗೆ ಇರಬಲ್ಲವು.

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಸಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಜೀವಿಗಳಲ್ಲಿ ಅನುಕಂಪವಿರಬೇಕೆಂಬುದು ನಮ್ಮ ಸಂವಿಧಾನವು ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಆದರೆ ಬಿಟ್ಟುಹೋದವರನ್ನು ದೂರುವಾಗ ನಮ್ಮ ನಾಲಗೆ ತಡವರಿಸುತ್ತದೆ. ಅವರು ಬಿಟ್ಟದ್ದು ಒಂದು ದಿನ. ಎರಡು ದಿನ ನೋಡಿಯೂ ನೋಡದಂತೆ ಇದ್ದವರು ನಾವು.

ಗುಣವಾದ ನಾಯಿಯನ್ನು ಮನೆಗೆ ತಂದೆವು. ರಾತ್ರಿ ಅದು ಎದ್ದು ಹೋಗಿ ಮತ್ತೆ ಆ ಬೀಗದ ಮುಂದೆಯೇ ಕುಳಿತಿತು. ಅಜ್ಜಿ ಬಯ್ಯಲಿಲ್ಲ, ಅಲ್ಲಿಯೇ ಮಣ್ಣಿನ ಬಾನಿಯಲ್ಲಿ ನೀರು, ಪಕ್ಕದಲ್ಲಿ ರೊಟ್ಟಿಯ ಚೂರು ಇಟ್ಟು ಬಂದರು. ದಿನಕ್ಕೊಂದಿಷ್ಟು ಬಾನಿಯನ್ನು ತಮ್ಮ ಮನೆಯತ್ತ ಸರಿಸುತ್ತ ಹೋದರು. ಮುಂಗಾರು ಬೀಳುವ ಹೊತ್ತಿಗೆ ನಾಯಿಯು ಅಜ್ಜಿಯ ಕಟ್ಟೆ ಸೇರಿತ್ತು.

ದಾಸೋಹವನ್ನು ಬಾಳಿನ ನಡೆಯೆಂದು ನಂಬಿದ ಮನೆಗಳು ನಮ್ಮವು. ಈ ಬೇಸಿಗೆಯಲ್ಲಿ ಪ್ರತಿ ಮನೆಯ ನೆರಳಿನಲ್ಲಿ ಒಂದು ಬಾನಿ ಇರಲಿ, ದಿನವೂ ಅದರ ನೀರು ಬದಲಾಗಲಿ. ಊರು ಬಿಡುವವರು ಸಾಕಿದ ಜೀವಕ್ಕೆ ಮೊದಲು ನೆಲೆ ಹುಡುಕಿ, ಬಳಿಕ ಬೀಗ ಹಾಕಲಿ. ‘ಯಾರಾದರೂ’ ಬರುವರೆಂದು ಕಾಯುವ ಬದಲು ಕೊಡವೆತ್ತುವ ಮೊದಲ ಕೈ ನಮ್ಮದಾಗಲಿ.