ಫಿಲಂ ಪುರಾಣ, ಕಂತು 4: ರೀಲ್ ಬಿಡಬೇಡಿ

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರೋಲ್ ಹಾಳಾದ್ರೆ ಅದು ‘ಎಕ್ಸ್‌ಪೆರಿಮೆಂಟ್’ ಅಲ್ಲ. ಹಾಳಾಗಿದೆ, ಅಷ್ಟೇ.

ಹೋದ ತಿಂಗಳು ನಾನು ಹಾಕಿದ್ದ ಡಬಲ್ ಎಕ್ಸ್‌ಪೋಶರ್ ನೆನಪಿದ್ಯಾ? ಅಮ್ಮನ ಮುಖದೊಳಗೆ ಹೊಂಗೆ ಎಲೆ. ‘ಹೆಂಗ್ ಮಾಡ್ದೆ?’ ಅಂತ ಕೇಳಿದ್ರಿ. ‘ಪ್ರಯೋಗ’ ಅಂತ ಕೊಚ್ಚಿಕೊಂಡೆ. ಸುಳ್ಳು. ಲಿವರ್ ಎಳೆದಾಗ ಫಿಲಂ ಮುಂದೆ ಹೋಗಿರಲಿಲ್ಲ. ಮತ್ತೆ ಮಾಡು ಅಂದಿದ್ರೆ ನನಗೆ ಬರ್ತಿರಲಿಲ್ಲ.

1929ರ ಸುಮಾರಿಗೆ ಪ್ಯಾರಿಸ್‌ನ ಡಾರ್ಕ್‌ರೂಮಲ್ಲಿ ಲೀ ಮಿಲ್ಲರ್ ಕಾಲ ಮೇಲೆ ಏನೋ ಹರಿದಂತಾಗಿ, ಬೆಚ್ಚಿ ಲೈಟ್ ಹಾಕಿಬಿಟ್ಟರಂತೆ. ಡೆವಲಪ್ ಆಗ್ತಿದ್ದ ನೆಗೆಟಿವ್‌ಗಳ ಮೇಲೆ ಬೆಳಕು ಬಿತ್ತು. ಅವರೂ ಮ್ಯಾನ್ ರೇ ಕೂಡ ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಮತ್ತೆ ಮಾಡಿ ಪಳಗಿಸಿಕೊಂಡರು. ಅವರ ಕೈಯಲ್ಲಿ ಸೋಲರೈಸೇಶನ್ ಕಲೆಯಾಗಿದ್ದು ಲೈಟ್ ತಪ್ಪಿ ಹತ್ತಿದಾಗಲ್ಲ, ಬೇಕಂತಲೇ ಹಚ್ಚಿದಾಗ.

ಆಮೇಲೆ ನಾನೂ ಲೆಕ್ಕಕ್ಕೆ ಕೂತೆ. ಎರಡು ಸಲ ತೆಗೆದ್ರೆ ಎರಡು ಪಟ್ಟು ಬೆಳಕು. ಅದಕ್ಕೇ 400ರ ಫಿಲಂಗೆ ಮೀಟರ್ 800ಕ್ಕೆ ಇಡಬೇಕು. ಮೊದಲ ಶಾಟಲ್ಲಿ ಕಪ್ಪಾಗಿ ಉಳಿದ ಕಡೆಯೇ ಎರಡನೇ ಚಿತ್ರ ಚೆನ್ನಾಗಿ ಮೂಡೋದು. ಅಂದ್ರೆ ಆಕಾಶ ಹಿಂದೆ, ಮುಖ ನೆರಳಲ್ಲಿ. ಐದು ಫ್ರೇಮ್ ಹೋಯ್ತು. ಆರನೇದು ಬಂತು. ಇದು ನಂದು.

‘ರೂಲ್ಸ್ ಯಾಕೆ, ಫೀಲ್ ಮುಖ್ಯ’ ಅನ್ನೋರೇ, ರೋಲಲ್ಲಿ ಇರೋದೇ 36. ವೋಚರ್ ಇಲ್ಲದೆ ಎಂಟ್ರಿ ಹಾಕೋರಲ್ಲ ನಾವು ಬಿಕಾಂನವರು. ಫ್ರೇಮಿಗೊಂದು ಸಾಲು ಬರೆದಿಡಿ: ಅಪರ್ಚರ್, ಸ್ಪೀಡ್, ಏನು ಮಾಡಿದ್ರಿ ಅಂತ. ತಪ್ಪಾಗಲಿ, ಖುಷಿಪಡಿ. ಆದ್ರೆ ಇನ್ನೊಂದು ಸಲ ಮಾಡಿ ತೋರಿಸೋವರೆಗೂ ರೀಲ್ ಬಿಡಬೇಡಿ.