ನೆರೆ ಇಳಿದ ಮೇಲೆ ಬೇಕಾದದ್ದು ಮುಯ್ಯಾಳು

ನೆರೆ ಬಂದ ವಾರ ಎಲ್ಲರೂ ಬರುತ್ತಾರೆ. ಅಕ್ಕಿ ಬರುತ್ತದೆ, ಚಾಪೆ ಬರುತ್ತದೆ, ಬೇಡ ಬೇಡ ಎಂದರೂ ಹಳೆ ಬಟ್ಟೆಯ ಕಟ್ಟು ಬರುತ್ತದೆ. ತಿಂಗಳು ಕಳೆದ ಮೇಲೆ ಯಾರು ಬರುತ್ತಾರೆ ಹೇಳಿ? ಮನೆ ರಿಪೇರಿಯ ನಿಜವಾದ ಕೆಲಸ ಇರುವುದು ಆಗ.

2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಿಗೆ ಹೊಳೆ ನುಗ್ಗಿತು. ಚಾರ್ಮಾಡಿ, ಕಡಿರುದ್ಯಾವರ, ಮಲವಂತಿಗೆ ಕಡೆ ಮರದ ದಿಮ್ಮಿ, ಬಂಡೆ, ಮರಳು ಬಂದು ತೋಟ, ಮನೆ ಒಂದೂ ಗುರುತು ಸಿಗದ ಹಾಗೆ ಆಯಿತು. ಸೆಪ್ಟೆಂಬರಿನಲ್ಲಿ ನಮ್ಮ ಇಗರ್ಜಿಯಿಂದ ಅಲ್ಲಿಗೆ ಹೊರಟ ಸೇವಾ ತಂಡದಲ್ಲಿ ನಾನೂ ಇದ್ದೆ. ಹದಿನಾಲ್ಕು ಜನ, ಹೆಚ್ಚಿನವರು ನನ್ನ ಹಾಗೆ ಅಡಿಕೆ ಕೃಷಿಕರು. ಹಂಚು ಇಳಿಸಿ ಪಕ್ಕಾಸು, ರೀಪು ಬದಲಿಸಿದೆವು, ಬಾವಿಯ ಕೆಸರು ಎತ್ತಿದೆವು, ಕುಸಿದ ಗೋಡೆ ಕಟ್ಟಿದೆವು. ಆ ಅನುಭವದಿಂದ ನನಗೆ ಅನಿಸಿದ ನಾಲ್ಕು ಮಾತು ಹೇಳುತ್ತೇನೆ.

ಒಂದನೆಯದು, ಧರ್ಮದ ವಿಷಯ. ಒಂದು ಮನೆಯ ಯಜಮಾನರು ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ, "ನೀವು ಚರ್ಚಿನವರಲ್ವಾ? ಆಮೇಲೆ ಎಂತಾದರೂ ಕೇಳ್ಲಿಕ್ಕುಂಟಾ?" ಎಂದರು. ನಮ್ಮ ತಂಡದ ಹಿರಿಯರು, "ಉಂಟು ಯಜಮಾನ್ರೇ, ಕುಡಿಲಿಕ್ಕೆ ಬಿಸಿನೀರು" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಮನೆ ಕಳಕೊಂಡವನು ಯಾರಿಗೂ 'ಬೇಡ' ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅಂಥವನ ಎದುರು ಮತದ ಮಾತು ತೆಗೆದರೆ ಅದು ಸೇವೆ ಅಲ್ಲ, ಒತ್ತಡ. ಪ್ರಾರ್ಥನೆಯನ್ನು ಹೊರಡುವ ಮೊದಲು ನಮ್ಮಲ್ಲೇ ಮುಗಿಸಬೇಕು. ಅವರ ಅಂಗಳದಲ್ಲಿ ಬ್ಯಾನರ್ ಬೇಡ, ಫೋಟೋ ಬೇಡ. ಈ ಮಾತು ಚರ್ಚಿನವರಿಗೆ ಮಾತ್ರ ಅಲ್ಲ, ದೇವಸ್ಥಾನ, ಮಸೀದಿ, ಪಕ್ಷ, ಯಾರ ಹೆಸರಿನಲ್ಲಿ ಹೋಗುವವರಿಗೂ ಸಲ್ಲುತ್ತದೆ.

ಎರಡನೆಯದು, ಅವಸರ. ಆ ವರ್ಷ ಸರಕಾರ ತುರ್ತು ಖರ್ಚಿಗೆ 10,000 ರೂಪಾಯಿ, ಪೂರ್ತಿ ಹೋದ ಮನೆಗೆ 5 ಲಕ್ಷ ಘೋಷಿಸಿತ್ತು. ಎಷ್ಟು ಹಾನಿ ಎಂದು ಗ್ರಾಮಕರಣಿಕರು, ಇಂಜಿನಿಯರ್ ನೋಡಿ ಬರೆದ ಮೇಲೆಯೇ ಹಣ. ಅದಕ್ಕೆ ಮೊದಲು ನಾವು ಹೋಗಿ ಗೋಡೆ ಚಂದ ಮಾಡಿಟ್ಟರೆ ಮನೆಯವರಿಗೆ ಉಪಕಾರವೇ ಉಪದ್ರವ. ಕೆಸರು ತೆಗೆಯುವುದಕ್ಕೂ ಮೊದಲು ನಾಲ್ಕು ಬದಿಯ ಫೋಟೋ ತೆಗೆದಿಡಬೇಕು. ಆ ಫೋಟೋ ಅವರಿಗೆ, ನಮ್ಮ ಪ್ರಚಾರಕ್ಕಲ್ಲ.

ಮೂರನೆಯದು, ಯಾವ ಕೆಲಸ ಮೊದಲು ಎಂದು ಮನೆಯವರೇ ಹೇಳಬೇಕು. ಪೇಟೆಯಿಂದ ಬಂದವರಿಗೆ ಎದುರಿನ ಜಗಲಿ ಕಾಣುತ್ತದೆ. ಕೃಷಿಕನಿಗೆ ಹಟ್ಟಿ, ಬಾವಿ, ಅಂಗಳ ಕಾಣುತ್ತದೆ. ದನ ಮಳೆಗೆ ನಿಂತಿರುವಾಗ ಜಗಲಿಗೆ ಸುಣ್ಣ ಬಳಿದು ಎಂತ ಮಾಡುವುದು? ಮರಳು ತುಂಬಿದ ಅಂಗಳ ಬಿಡಿಸದಿದ್ದರೆ ಉಳಿದ ನಾಲ್ಕು ಗೊನೆ ಅಡಿಕೆ ಒಣಗಿಸುವುದೆಲ್ಲಿ? ಇನ್ನೊಂದು, ಊರಿನ ಮೇಸ್ತ್ರಿ, ಬಡಗಿಯೂ ನೆರೆಯಲ್ಲಿ ಕೆಲಸ ಕಳಕೊಂಡವರೇ. ದಾನದ ಹಣದಲ್ಲಿ ಅವರಿಗೆ ಸಂಬಳ ಕೊಟ್ಟು, ನಾವು ಅವರ ಕೈಯಾಳಾಗಿ ನಿಲ್ಲಬೇಕು.

ನಾಲ್ಕನೆಯದು, ಎಲ್ಲ ಮನೆಯನ್ನೂ ರಿಪೇರಿ ಮಾಡಬಾರದು. 2018ರಲ್ಲಿ ಕೊಡಗಿನ ಜೋಡುಪಾಲದಲ್ಲಿ, 2024ರಲ್ಲಿ ವಯನಾಡಿನ ಮುಂಡಕೈಯಲ್ಲಿ ಗುಡ್ಡ ಏನು ಮಾಡಿತು ಎಂದು ನೋಡಿದ್ದೇವೆ. ಹಿಂದಿನ ಗುಡ್ಡ ಬಿರುಕು ಬಿಟ್ಟಿದ್ದರೆ ಆ ಮನೆಗೆ ಹೊಸ ಹಂಚು ಹೊದೆಸುವುದೆಂದರೆ ಅವರನ್ನು ಅಪಾಯದಲ್ಲೇ ಕೂರಿಸಿದ ಹಾಗೆ. ಅಂಥಲ್ಲಿ ಸಾಮಾನು ಸಾಗಿಸಿಕೊಡುವುದು, ಬದಲಿ ಜಾಗದ ಅರ್ಜಿಗೆ ಜತೆಗೆ ಓಡಾಡುವುದು ದೊಡ್ಡ ಸಹಾಯ.

ಅಮೆರಿಕದ ಕಾನ್ಸಾಸಿನಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರು 1950ರಲ್ಲಿ ಇಂಥದ್ದೇ ಒಂದು ಸೇವಾ ಸಂಘಟನೆ ಸುರು ಮಾಡಿದರು. ಇಂದಿಗೂ ಅದು ಬಿರುಗಾಳಿ, ನೆರೆಗೆ ಬಿದ್ದ ಮನೆಗಳನ್ನು ಕಟ್ಟಿಕೊಡುತ್ತಿದೆ. ಅದರ ಬೇರು ಕೃಷಿಕ ಕುಟುಂಬಗಳಲ್ಲಿ. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ಹತಾರು ಹಿಡಿದು ದೂರದ ಊರಿಗೆ ಹೋಗುವವರುಂಟು. ಇದೇನು ನಮಗೆ ಹೊಸತೇ? ಮುಳಿಹುಲ್ಲಿನ ಮಾಡಿನ ಕಾಲದಲ್ಲಿ ನಮ್ಮ ಹಿರಿಯರು ಮುಯ್ಯಿಯಲ್ಲೇ ಮಾಡು ಹೊದೆಸುತ್ತಿದ್ದರು. ಹಂಚು, ತಾರಸಿ ಬಂದ ಮೇಲೆ ಆ ಕ್ರಮ ಬಿಟ್ಟುಹೋಯಿತು, ಅಷ್ಟೆ.

ಅದನ್ನು ಪುನಃ ಸುರು ಮಾಡೋಣ. ಊರಿನ ಹಾಲಿನ ಸೊಸೈಟಿಯಲ್ಲಿ ಒಂದು ಪುಸ್ತಕ ಇಡೋಣ. ಮಾಡಿಗೆ ಹತ್ತುವವರು ಯಾರು, ಮರ ಕೊಯ್ಯುವ ಮೆಶಿನ್ ಯಾರಲ್ಲಿದೆ, ಪಂಪು ಯಾರು ಕೊಟ್ಟಾರು, ಎಲ್ಲ ಮಳೆಗಾಲಕ್ಕೆ ಮೊದಲೇ ಬರೆದಿಡೋಣ. ಮದ್ದು ಬಿಡುವ ಕೆಲಸ ಮುಗಿದು ಕೊಯ್ಲು ಸುರುವಾಗುವ ಮೊದಲು ಮನೆಗೊಬ್ಬರಂತೆ ಮೂರು ದಿನ ಕೊಟ್ಟರೆ ಸಾಕು. ಹೋಗುವಾಗ ನಮ್ಮ ಅಕ್ಕಿ, ನಮ್ಮ ಹಾರೆ ನಾವೇ ಕೊಂಡುಹೋಗಬೇಕು. ಇಂದು ಅವರದ್ದು, ನಾಳೆ ನಮ್ಮದು. ಹೊಳೆಗೆ ಮೇಲಿನ ಮನೆ, ಕೆಳಗಿನ ಮನೆ ಎಂಬ ಭೇದ ಇಲ್ಲ ಮಾರಾಯ್ರೇ.